ಹಸಿರೋ ಕಪ್ಪೋ

“ಬೋಲ್ಟ್ ಬಿಗ್ಯಾಕೂ ಬರ್ದಿದ್ ಬೋಳಿಮಗ್ನೆ, ನಿಂಗ್ಯಾಕ್ಲಾ ಸ್ಪ್ಯಾನರ್ರು? ಓಗಿ ದನ ಕಾಯಿ!”

ಶಾಂತಮಲ್ಲಪ್ಪನವರ ಬೈಗುಳ ಉಡಿಗಾಲದ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಬಸ್ಸಿಗೆ ಕಾದಿದ್ದವರೆಲ್ಲ ಕತ್ತು ಹೊರಳಿಸಿದರು. ಪುಕ್ಕಟೆ ತಮಾಷೆ ಯಾರಿಗೆ ಬೇಡ? ಟೀ ಅಂಗಡಿಯ ರಾಚಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಬೈಸಿಕೊಳ್ಳುತ್ತಿದ್ದ ಶಿವಮಲ್ಲು ಮಾತ್ರ ಯಜಮಾನರ ಬಿಳಿ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು, ಮಳೆ ನಿಲ್ಲಲೆಂದು ಕಾಯುವವನ ಹಾಗೆ ನಿಂತಿದ್ದ. ಕೆಳಗಿನ ಕೇರಿಯಲ್ಲಿ ಹುಟ್ಟಿದವನಿಗೆ ಇದೇನು ಹೊಸದೆ?

ವಿಷಯ ಇಷ್ಟೆ. ಹೋದ ವಾರ ಆ ಕಾರಿಗೆ ಎಂಜಿನ್ ಆಯಿಲ್ ಬದಲಾಯಿಸಿದವನು ಶಿವಮಲ್ಲು. ಅದಾಗಿ ಎರಡು ದಿನಕ್ಕೆ ಗುಂಡ್ಲುಪೇಟೆಯ ಒಂದು ದೊಡ್ಡ ಗ್ಯಾರೇಜಿನವರು ರೇಡಿಯೇಟರಿಗೆ ಹೊಸ ಪೈಪು ಹಾಕಿ ಕಳಿಸಿದ್ದರು. ಈಗ ಕಾರು ನಿಂತ ಕಡೆಯೆಲ್ಲ ನೆಲ ಒದ್ದೆ. ಗುಂಡ್ಲುಪೇಟೆಯವರ ಗ್ಯಾರೇಜಿಗೆ ಗಾಜಿನ ಬಾಗಿಲಿದೆ. ಅಂಥವರು ತಪ್ಪು ಮಾಡುತ್ತಾರೆಯೆ? ಹಾಗಾಗಿ ತಪ್ಪು ಶಿವಮಲ್ಲುವಿನದು.

“ಆಯಿಲ್ ಸೋರ್ತಾ ಅದ ಕಣ್ಲಾ. ಇವತ್ತು ಸಂಜಗ ನಿನ್ ಶೆಡ್ ಕಿತ್ಕ ಓಗ್ಬೇಕು, ಅಷ್ಟೆಯ.”

ಆ ತಗಡಿನ ಶೆಡ್ಡು ಇದ್ದದ್ದು ಶಾಂತಮಲ್ಲಪ್ಪನವರ ಬಾಳೆತೋಟದ ಬೇಲಿಯಾಚೆ, ರಸ್ತೆಯಂಚಿನ ಮೂರು ಮಾರು ಜಾಗದಲ್ಲಿ. ಜಾಗ ಸರ್ಕಾರದ್ದು ಎಂದು ಊರಿಗೆಲ್ಲ ಗೊತ್ತು. ಅದನ್ನು ಬಾಯಿಬಿಟ್ಟು ಹೇಳಬಾರದು ಎಂಬುದೂ ಗೊತ್ತು. ಶೆಡ್ಡು ಹೋದರೆ ಶಿವಮಲ್ಲು ನಾಳೆ ಬೆಳಿಗ್ಗೆ ಅದೇ ತೋಟದಲ್ಲಿ ಗೊನೆ ಹೊರಲು ನಿಲ್ಲಬೇಕು, ಅವನಪ್ಪ ಮೂಗಯ್ಯ ಬೆನ್ನು ಬಾಗುವ ತನಕ ಹೊತ್ತ ಹಾಗೆ. ಅವನು ಬಾನೆಟ್ಟಿನಿಂದ ತಲೆ ಹೊರತೆಗೆದ.

“ಇದು ಆಯಿಲ್ ಅಲ್ಲ ಬುದ್ಧಿ, ಕೂಲೆಂಟು. ಎಂಜಿನ್ ತಣ್ಗಿರ್ಲಿ ಅಂತ ರೇಡಿಯೇಟರ್ಗ ಉಯ್ಯೋ ಹಸ್ರು ನೀರು. ಆಯಿಲ್ ಆಗಿದ್ರ ಕಪ್ಗ, ಜಿಡ್ಡಾಗಿರದು.”

“ನೀ ಏಳ್ಬುಟ್ರ ಆಗೋಯ್ತಾ? ಒರಸ್ಬುಟ್ಟು ಇನ್ನೇನೋ ಉಯ್ದು ತೋರುಸ್ತಿಯೆ. ನಾ ಕಣ್ಣಾರ ನೋಡ್ಬೇಕು.”

“ನೋಡಿ ಬುದ್ಧಿ, ಯಾರ್ ಬ್ಯಾಡ ಅಂದರು? ಎಂಜಿನ್ ಕಾದ್ಮೇಲ ಆಕ್ಸಿಲೇಟರ್ ತುಳುದ್ರ ಸೋರದು ಕಾಣ್ತದ. ಒಬ್ರು ಒಳಗ ಕೂತು ತುಳೀಬೇಕು, ಒಬ್ರು ಕೆಳಗ ಬಗ್ಗಿ ನೋಡ್ಬೇಕು.”

ಶಾಂತಮಲ್ಲಪ್ಪನವರಿಗೆ ಗಾಡಿ ಬಾರದು. ಡ್ರೈವರ್ ಪ್ರದೀಪನನ್ನು ತಮ್ಮ ಮಗಳ ಲಗ್ನಪತ್ರಿಕೆ ತರಲೆಂದು ಆಗಷ್ಟೇ ಚಾಮರಾಜನಗರದ ಬಸ್ಸು ಹತ್ತಿಸಿದ್ದರು. ತುಳಿಯಲು ಬಲ್ಲವನು ಒಬ್ಬ, ಕಣ್ಣಾರೆ ನೋಡಬೇಕೆನ್ನುವವರು ಒಬ್ಬರು. ಮೂರನೇ ಕ್ಲಾಸಿನ ಮಗುವೂ ಬಿಡಿಸುವ ಲೆಕ್ಕ. ಅದು ಯಜಮಾನರ ತಲೆಗೆ ಇಳಿಯಲು ಐದು ನಿಮಿಷ ಹಿಡಿಯಿತು.

“ನೀನು... ನನ್ ಸೀಟ್ ಮ್ಯಾಲಾ?”

“ಬ್ಯಾಡ ಅಂದ್ರ ಬುಡಿ. ಪ್ರದೀಪಣ್ಣ ಬರಗಂಟ ಕಾಯನ.”

ಕಾಯುವಂತಿರಲಿಲ್ಲ, ಮಧ್ಯಾಹ್ನಕ್ಕೆ ಬೀಗರು ಬರುವವರಿದ್ದರು. ಶಾಂತಮಲ್ಲಪ್ಪನವರು ತೋಟದಿಂದ ಗೊಬ್ಬರದ ಖಾಲಿ ಚೀಲವೊಂದನ್ನು ತಂದು ತಾವೇ ಸೀಟಿನ ಮೇಲೆ ಹಾಸಿದರು.

“ಅದ್ರ ಮ್ಯಾಲ ಕೂರು. ಕಯ್ಯಿ ಗಿಯ್ಯಿ ತಾಗುಸ್ಬ್ಯಾಡ.”

ಕೈ ತಾಗಿಸದೆ ಚಾವಿ ತಿರುಗಿಸುವುದು ಹೇಗೆಂದು ಶಿವಮಲ್ಲು ಕೇಳಲಿಲ್ಲ. ಎಂಜಿನ್ನಿನ ಕರುಳಿಗೆಲ್ಲ ಅವನ ಕೈ ಆಗುತ್ತದೆ, ಸೀಟಿಗೆ ಮಾತ್ರ ಮೈಲಿಗೆ. ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಬಿಳಿ ಮಗ್ಗುಲು ಮೇಲಾಗಿ ಎಂಜಿನ್ನಿನಡಿ ಹಾಸಿ, ಒಳಗೆ ಕೂತು, ಮಾತು ಕೇಳಿಸಲೆಂದು ಕಿಟಕಿಯನ್ನು ಮೂರು ಬೆರಳಗಲ ಇಳಿಸಿ ಗಾಡಿ ಶುರು ಮಾಡಿದ. ಎಂಜಿನ್ ಕಾಯುವವರೆಗೆ ಸುಮ್ಮನಿದ್ದು, ಆಮೇಲೆ ತುಳಿದ.

“ಕಾಣ್ತದಾ ಬುದ್ಧಿ?”

“ಏನೂ ಇಲ್ಲ ಕಣ್ಲಾ.”

“ಬಗ್ಗಿ.”

“ಬಗ್ಗಿವ್ನಿ!”

“ಇನ್ನೂ ಬಗ್ಬೇಕು. ಮಂಡಿ ಊರ್ಬುಡಿ.”

ಇಸ್ತ್ರಿಯ ಬಿಳಿ ಪಂಚೆ ರಸ್ತೆಯ ದೂಳಿಗೆ ಇಳಿಯಿತು. ಬಸ್ ಸ್ಟ್ಯಾಂಡಿನವರಿಗೆ ಕಂಡದ್ದು ಇಷ್ಟು: ಕಾರಿನೊಳಗೆ ಕೆಳಗಿನ ಕೇರಿಯ ಶಿವಮಲ್ಲು, ಅವನೆದುರು ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿದ ಶಾಂತಮಲ್ಲಪ್ಪನವರು. ಬಸ್ಸು ಬಂದು ನಿಂತರೂ ಯಾರೂ ಹತ್ತಲಿಲ್ಲ. ಕಂಡಕ್ಟರನೇ ಇಳಿದು ಬಂದ. ರಾಚಮ್ಮನ ಹಾಲು ಉಕ್ಕಿ ಒಲೆ ಆರಿತು. ಸುಳ್ಳೇಕೆ, ಶಿವಮಲ್ಲುವಿಗೆ ಬಲು ಖುಷಿಯಾಯಿತು. ಬೇಕಾದ್ದಕ್ಕಿಂತ ನಾಲ್ಕು ಸಲ ಹೆಚ್ಚೇ ತುಳಿದ.

“ಬಿತ್ತು! ತೊಟ್ಟು ಬಿತ್ತು!”

“ಮುಟ್ಟಿ ನೋಡಿ. ಹಸ್ರೋ ಕಪ್ಪೋ?”

ಶಾಂತಮಲ್ಲಪ್ಪನವರು ಹಾಳೆಯ ಮೇಲಿನ ಒದ್ದೆಗೆ ಬೆರಳುಗಳನ್ನು ಒತ್ತಿದರು, ಮೂಸಿದರು, ಎದ್ದರು. ಆಗ ಸುತ್ತಲಿದ್ದ ಜನ ಅವರ ಕಣ್ಣಿಗೆ ಬಿತ್ತು. ಕೈಯನ್ನು ಗಡಿಬಿಡಿಯಲ್ಲಿ ಪಂಚೆಗೆ ಒರೆಸಿಕೊಂಡರು.

“ಯಾವ್ದೋ ಒಂದು. ಇಳಿ ಕೆಳಕ್ಕ. ಸೀಟ್ ತೊಳ್ದು, ಶೆಡ್ ಬಿಚ್ಚು.”

“ಬಣ್ಣ ಏಳ್ಬುಡಿ ಬುದ್ಧಿ, ಇವ್ರೆಲ್ಲ ಕೇಳ್ಲಿ.”

“ಇಳೀಲಾ ಅಂದ್ರೆ!”

ಅಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹತ್ತಿರವಾಗಿತ್ತು. ಒಳಗಿನ ಕೂಲೆಂಟು ಖಾಲಿಯಾಗುತ್ತಿದೆ. ಇನ್ನೊಂದಿಷ್ಟು ಹೊತ್ತು ಓಡಿದರೆ ಎಂಜಿನ್ ಸುಟ್ಟುಹೋಗುತ್ತದೆ.

“ಎಂಜಿನ್ ಬೇಯ್ತಾ ಅದ. ಒಂದ್ ಮಾತು ಏಳಿ, ಆಫ್ ಮಾಡ್ತಿನಿ.”

“ಬೆಂದೋಗ್ಲಿ! ನಿನ್ ಮುಂದ ನಾ ಸಾಕ್ಷಿ ಏಳನಾ?”

ಲಕ್ಷಗಟ್ಟಲೆ ಬೆಲೆಯ ಎಂಜಿನ್ ಸುಟ್ಟರೂ ಸರಿ, ಹಸಿರು ಎಂಬ ಒಂದು ಮಾತು ಆ ಬಾಯಿಂದ ಬರಲಾರದು. ಶಿವಮಲ್ಲುವಿಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೆ ಎಂಜಿನ್ ಅವನಿಗೇನು ಅನ್ಯಾಯ ಮಾಡಿತ್ತು? ಚಾವಿ ತಿರುಗಿಸಿ ಆರಿಸಿದ. ಶಾಂತಮಲ್ಲಪ್ಪನವರು ಗೆದ್ದೆನೆಂದು ಕೈ ಚಾಚಿದರು.

“ಕೀ ತತ್ತಾ.”

“ಅಯ್ಯೋ ಬುದ್ಧಿಯೋರ, ನಿಮ್ ಪಂಚ ನೋಡ್ಕಳಿ!” ರಾಚಮ್ಮ ಸೌಟು ಎತ್ತಿ ತೋರಿಸಿದಳು. “ತೊಡ ಮ್ಯಾಲ ಹಸ್ರು ಬಳ್ಕಂಡಿದ್ದರಿ! ಬೀಗ್ರು ನೋಡಿದ್ರ ಏನಂದಾರು?”

ನಾಲ್ಕು ಬೆರಳಿನ ಗುರುತು, ಎಳೇ ಬಾಳೆಲೆಯ ಬಣ್ಣ. ಮೊದಲು ಕಂಡಕ್ಟರ್ ನಕ್ಕ. ಆಮೇಲೆ ಬಸ್ಸಿಗೆ ಬಸ್ಸೇ ನಕ್ಕಿತು. “ಹಸ್ರು ಕಣ್ಲಾ, ಹಸ್ರು!” ಎಂದು ಕಿಟಕಿಯಿಂದ ಯಾರೋ ಕೂಗಿದರು.

ಶಾಂತಮಲ್ಲಪ್ಪನವರ ಮುಖ ಕಪ್ಪಿಟ್ಟಿತು. ಬಾಗಿಲಿಗೆ ಕೈ ಹಾಕಿ ಎಳೆದರು. ಒಳಗಿನಿಂದ ಲಾಕ್ ಬಿದ್ದಿತ್ತು.

“ಇಳೀಲಾ, ಬೋಳಿಮಗ್ನೆ!”

“ಶೆಡ್ ಅಲ್ಲೇ ಇರ್ತದ ಅಂತ ಇವ್ರ ಮುಂದ ಏಳಿ ಶಾಂತಮಲ್ಲಪ್ಪೋರೆ. ಅಲ್ಲಿಗಂಟ ಇಳಿಯಾಕಿಲ್ಲ.”

ಯಜಮಾನರನ್ನು ಬುದ್ಧಿ ಎನ್ನುವ ಬದಲು ಬಾಯಿಗೆ ಹೆಸರೇ ಬಂದುಬಿಟ್ಟಿತ್ತು. ಬಂದದ್ದು ಬಂತು. ಚಾವಿಯನ್ನು ಜೇಬಿಗಿಳಿಸಿದ ಶಿವಮಲ್ಲು, ಸೀಟಿನಡಿಯ ಹಿಡಿ ಹುಡುಕಿ, ತನ್ನ ಕಾಲಳತೆಗೆ ಸರಿಯಾಗಿ ಸೀಟನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡ.