ಭಾಗವ್ವ ಬಾಗಿಲು ಬಡಿಯದ ದಿನ

ದಹಿಸರ್‌ನ ಆ ಚಾಳಿಗೆ ನೀರು ಹೇಳಿ ಕೇಳಿ ಬರುವುದಿಲ್ಲ. ನಸುಕಿನಲ್ಲಿ ಪೈಪು ಮೊದಲು ಗಾಳಿ ಉಗುಳುತ್ತದೆ, ಆಮೇಲೆ ನೀರು. ಆ ಪೈಪು ಹಾದುಹೋಗಿದ್ದು ಭಾಗವ್ವನ ಗೋಡೆಗೆ ಅಂಟಿಕೊಂಡು. ಹಾಗಾಗಿ ಸದ್ದು ಕೇಳಿದ ಕೂಡಲೇ ಓಣಿಯ ಬಾಗಿಲೆಲ್ಲ ಬಡಿದು "ಪಾನಿ ಆಯಾ!" ಎಂದು ಕೂಗುವುದು ಅವಳ ಪಾಲಿಗೆ ಬಂದಿತ್ತು. ಈ ಊರಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಅದೊಂದೇ. ಹೆಸರು ಗೊತ್ತಿಲ್ಲದ ಮರಾಠಿ ಹೆಂಗಸರೂ ಪಾನೀವಾಲಿ ಮೌಸಿ, ನೀರಿನ ಚಿಗವ್ವ, ಎಂದು ಕರೆದು ಚಹಾ ಕೊಡುತ್ತಿದ್ದರು.

ಗಂಡ ಮರೆಪ್ಪ ಕಟ್ಟಡದ ಕೆಲಸಕ್ಕೆಂದು ಪನ್ವೇಲ್ ಕಡೆ ಹೋದ ಮೇಲೆ ಖಾಲಿ ಮನೆ ಅವಳನ್ನು ತಿನ್ನತೊಡಗಿತು. ಆಗ ಅಂಟಿಕೊಂಡಿತು ಈ ಹಾಳು ಮೊಬೈಲು. ನಿಮಿಷಕ್ಕೊಂದು ಕಂತಿನ ಧಾರಾವಾಹಿ. ಶ್ರೀಮಂತರ ಮಗಳು ತನ್ನದೇ ಮನೆಯಲ್ಲಿ ಕೆಲಸದವಳಾಗಿದ್ದಾಳೆ. ಪ್ರತಿ ಕಂತಿನ ಕೊನೆಗೆ ಯಾರೋ ಅವಳ ಮೇಲೆ ಕೈ ಎತ್ತುತ್ತಾರೆ. ಎತ್ತಿದ ಕೈ ಬಿತ್ತೋ ಇಲ್ಲವೋ ನೋಡದೆ ಮಲಗುವುದು ಹೇಗೆ? ರೊಟ್ಟಿ ಬಡಿಯುವಾಗ, ಪಾತ್ರೆ ತಿಕ್ಕುವಾಗ, ಕಿಕ್ಕಿರಿದ ಲೋಕಲ್ ರೈಲಿನಲ್ಲಿ, ಎಲ್ಲೂ ಅವಳ ಬೆರಳಿಗೆ ನೆಮ್ಮದಿಯಿಲ್ಲ. ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಎನ್ನುತ್ತಾರೆ; ಇವಳು ಇಲ್ಲದ ಊರಿನ ಚಿಂತೆ ಹಚ್ಚಿಕೊಂಡಳು. ಆ ಹುಡುಗಿಗೊಂದು ದಾರಿಯಾಗಲಿ, ನೋಡುವುದು ಬಿಡುತ್ತೇನೆ ಎಂದು ದೇವರಿಗೂ ಹೇಳಿದ್ದಳು. ದಾರಿಯಾದರೆ ಧಾರಾವಾಹಿಯವರ ಹೊಟ್ಟೆಪಾಡು?

ಪಕ್ಕದ ಮನೆಯ ಬಸುರಿ ಶೈಲಾಳ ಸೀಮಂತ, ಕುಬಸದ ದಿನ. ಭಾಗವ್ವ ನಸುಕಿಗೇ ಎದ್ದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಅವಳನ್ನು ನಂಬಿ ಓಣಿ ನಿದ್ದೆ ಮಾಡಿತ್ತು. ನೀರು ಬಂತು, ನಿಂತೂ ಹೋಯಿತು.

ಬೆಳಕು ಹರಿದ ಮೇಲೆ ಶೈಲಾಳ ಅತ್ತೆ ರಾಚವ್ವ ಖಾಲಿ ಕೊಡ ಹಿಡಿದು ಬಂದಳು.

"ಇವತ್ತ ನೀರ ಬರಲೇ ಇಲ್ಲೇನ ಭಾಗವ್ವ?"

ನಲ್ಲಿಯ ಕಟ್ಟೆ ತೊಯ್ದಿತ್ತು. "ಬಂದು ಹೋಗ್ಯಾದ ಯವ್ವಾ… ನನಗ ಕೇಳಿಸ್ಲಿಲ್ಲ."

ರಾಚವ್ವ ಅವಳ ಕೊರಳಲ್ಲಿ ಜೋತಾಡುತ್ತಿದ್ದ ವೈರು ನೋಡಿದಳು. ಬೈಯಲಿಲ್ಲ. ಮನೆ ತುಂಬ ಬಂದ ನೆಂಟರಿಗಾಗಿ ಬಸುರಿಯೇ ಪಕ್ಕದ ಬಿಲ್ಡಿಂಗಿನಿಂದ ನೀರು ಹೊರಬೇಕಾಯಿತು. ಭಾಗವ್ವ ಓಡಿಹೋಗಿ ಕೊಡಕ್ಕೆ ಕೈ ಹಾಕಿದರೆ ಶೈಲಾ "ಬ್ಯಾಡ ಬಿಡ್ರಿ ಚಿಗವ್ವ" ಎಂದು ಮುಖ ತಿರುಗಿಸಿದಳು. ಭಾಗವ್ವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಮರುದಿನ ಮೊಬೈಲನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟು ಗೋಡೆಗೆ ಕಿವಿ ಹಚ್ಚಿ ಕೂತಳು. ಪೈಪು ಸುಯ್ ಎಂದದ್ದೇ ತಡ, ಬರಿಗಾಲಲ್ಲೇ ಓಡಿ ಮೊದಲ ಬಾಗಿಲು ಬಡಿದಳು. ಅದು ತೆರೆದೇ ಇತ್ತು. ಎರಡನೆಯದೂ. ಇಡೀ ಓಣಿ ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿಟ್ಟು ಕೂತಿತ್ತು.

"ಪಾಳಿ ಹಚ್ಚೀವಿ ಭಾಗವ್ವ. ದಿನಾ ಒಂದು ಮನಿಯವ್ರು ಎದ್ದಿರ್ತೀವಿ," ಎಂದಳು ರಾಚವ್ವ, ಮೆತ್ತಗೆ.

"ನನ್ನ ಪಾಳಿ ಯಾವತ್ತದ?"

ಮರಾಠಿ ಹೆಂಗಸೊಬ್ಬಳು ತನ್ನ ಕೊಡ ಸರಿಸಿ ಸಾಲಿನ ಕೊನೆಯಲ್ಲಿ ಅವಳಿಗೆ ಜಾಗ ತೋರಿಸಿದಳು, ಓಣಿಗೆ ಹೊಸದಾಗಿ ಬಂದವರಿಗೆ ತೋರಿಸುವ ಹಾಗೆ.