ಇಲ್ಲದ ಕಾಯಿಲೆ

"ಮೂರ್ಛೆರೋಗ ಇದೆ ಅಂತ ಇಂಟರ್‌ವ್ಯೂನಲ್ಲೇ ಹೇಳ್ಬೋದಿತ್ತಲ್ಲಮ್ಮ" ಎಂದರು ಫೋನಿನಲ್ಲಿ ತನುಜ ಮೇಡಂ. ಗೌರಿಬಿದನೂರಿನ ಖಾಸಗಿ ಕಾಲೇಜೊಂದರ ಪ್ರಿನ್ಸಿಪಾಲರು ಅವರು. ಕೆಮಿಸ್ಟ್ರಿ ಪಾಠಕ್ಕೆ ಭಾನುಪ್ರಿಯಾಳನ್ನು ಹೋದ ವಾರವಷ್ಟೇ ಆರಿಸಿದ್ದರು. "ನಿಮ್ಮ ತಾಯಿ ಫೋನ್ ಮಾಡಿ ಅತ್ತುಬಿಟ್ರು. ಒಬ್ಬಳೇ ರೂಮಲ್ಲಿದ್ರೆ ಎಲ್ಲಾದ್ರೂ ಬಿದ್ದೋಗ್ತಾಳೆ ಅಂದ್ರು. ಬೇರೆಯವರನ್ನ ನೋಡ್ತಿದೀವಿ."

ಭಾನುಪ್ರಿಯಾ ಹುಟ್ಟಿದಾಗಿನಿಂದ ಒಮ್ಮೆಯೂ ಮೂರ್ಛೆ ಹೋದವಳಲ್ಲ. ದಿಬ್ಬೂರಹಳ್ಳಿಯ ಮನೆಯ ಹಿಂದಿದ್ದ ಹುಳುಮನೆಗೆ ನುಗ್ಗಿದಳು. ತಾಯಿ ವರಲಕ್ಷ್ಮಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು.

"ನಂಗೆ ಯಾವಾಗಮ್ಮ ಫಿಟ್ಸ್ ಬಂತು?"

ತಾಯಿ ತಲೆಯೆತ್ತಲಿಲ್ಲ. "ಗುರುತಿಲ್ಲದ ಊರು ಕಣಮ್ಮ. ಏನಾದ್ರೂ ಆದ್ರೆ ಯಾರು ನೋಡ್ತಾರೆ? ಇಲ್ಲೇ ಶಿಡ್ಲಘಟ್ಟದಾಗೆ ಕೆಲಸ ಸಿಗಲ್ವ?"

"ಹೋದ ವರ್ಷ ಕೈಗೆ ಬಂದು ತಪ್ಪೋಯ್ತಲ್ಲ, ಆ ಚಿಂತಾಮಣಿ ಕೆಲಸಾನೂ ನೀನೇ ತಪ್ಪಿಸಿದ್ಯಾ?"

ತಾಯಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಮುಂದಿನ ತಟ್ಟೆಯತ್ತ ಸರಿದರು. ಹಾಗಾದರೆ ಅದೂ ಇವರದೇ ಕೆಲಸ! ಭಾನುಪ್ರಿಯಾಳಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ರೋಗಿಷ್ಟೆ ಮಾಡ್ಬಿಟ್ಯಲ್ಲ. ಫೋನ್ ಮಾಡು. ಸುಳ್ಳು ಹೇಳ್ದೆ ಅನ್ನು."

"ಮಾಡಲ್ಲ. ಹೆತ್ತೋಳು ನಾನು."

ಅವಳು ಸರ್ಟಿಫಿಕೇಟುಗಳನ್ನು ಬ್ಯಾಗಿಗೆ ತುರುಕಿ ಬೀದಿಗೆ ಬರುವಷ್ಟರಲ್ಲಿ, ಜಗಳ ಕೇಳಿಸಿಕೊಂಡಿದ್ದ ತಮ್ಮ ಮೋಹನ್‌ಬಾಬು ಪಕ್ಕದ ಮನೆ ಆವುಲಪ್ಪನ ಬೈಕ್ ತಂದು ನಿಲ್ಲಿಸಿದ್ದ. ಡಿಗ್ರಿ ಓದುವ ಹುಡುಗ. ಸೈಕಲ್ ಕೂಡ ಮುಟ್ಟಗೊಡದೆ ಬೆಳೆಸಿದ್ದರು ಅವನನ್ನು. ವರಲಕ್ಷ್ಮಮ್ಮ ಓಡಿಬಂದು ಹ್ಯಾಂಡಲ್ ಹಿಡಿದುಕೊಂಡರು.

"ಇಳಿಯೋ! ನಿಂಗೆಲ್ಲಿ ಬರುತ್ತೋ ಬೈಕು?"

"ನಿಂಗೆ ಗೊತ್ತಾಗ್ದಂಗೆ ಕಲ್ತೆ. ಲೈಸೆನ್ಸೂ ಐತೆ. ಕೈ ಬಿಡಮ್ಮ."

ಅವರು ಬಿಡಲಿಲ್ಲ. ಅವನೇ ಒಂದೊಂದಾಗಿ ಬೆರಳು ಬಿಡಿಸಿದ.

ಕಾಲೇಜಿನಲ್ಲಿ ತನುಜ ಮೇಡಂ ನಡೆದದ್ದನ್ನೆಲ್ಲ ಕೇಳಿಯೂ ಹಿಂಜರಿದರು. "ನಿಮ್ಮ ಮಾತು ನಂಬಬೇಕೋ, ಹೆತ್ತವರ ಮಾತು ನಂಬಬೇಕೋ?"

ಭಾನುಪ್ರಿಯಾ ಅಲ್ಲೇ ತಾಯಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. "ಮೇಡಂ ಎದುರಿಗಿದಾರೆ. ಈಗ್ಲೂ ಸುಳ್ಳು ಹೇಳಿದ್ರೆ ನಾನಂತೂ ಮತ್ತೆ ಆ ಮನೆ ಹೊಸ್ತಿಲು ತುಳಿಯಲ್ಲ."

"ಇಲ್ಲ ಮೇಡಂ" ಎಂದರು ಆ ಕಡೆಯಿಂದ ವರಲಕ್ಷ್ಮಮ್ಮ. "ಅವಳಿಗೆ ಯಾವ ಕಾಯಿಲೆನೂ ಇಲ್ಲ. ಕಳ್ಸಕ್ಕೆ ಮನಸ್ಸಾಗ್ಲಿಲ್ಲ, ಅದಕ್ಕೇ ಹಂಗಂದೆ."

ಮೇಡಂ ನಿಟ್ಟುಸಿರುಬಿಟ್ಟು, "ಸೋಮವಾರದಿಂದ ಬಾಮ್ಮ" ಎಂದರು.

ಫೋನಿನಲ್ಲಿ ತಾಯಿಯ ದನಿ ಇನ್ನೂ ಕೇಳುತ್ತಿತ್ತು. "ಭಾನು, ರೂಮಿಗೆ ಒಳಗಿಂದ ಬೋಲ್ಟು ಐತಾ ನೋಡ್ಕೊಳಮ್ಮ. ಅವನಿಗೆ ನಿಧಾನಕ್ಕೆ ಓಡ್ಸು ಅನ್ನು. ನಾನೂ ಬಂದು ಒಂದೆರಡು ತಿಂಗಳು..."

ಮಾತು ಮುಗಿಯುವ ಮೊದಲೇ ಭಾನುಪ್ರಿಯಾ ಫೋನ್ ಕಟ್ ಮಾಡಿದಳು. ಕೆಲಸ ಸಿಕ್ಕಿತ್ತು, ಸಿಟ್ಟು ಮಾತ್ರ ಒಂದು ಚೂರೂ ಇಳಿದಿರಲಿಲ್ಲ. ಹೊರಗೆ ತಮ್ಮ ಕಾಯುತ್ತಿದ್ದ. "ನಡಿಯೋ, ರೂಮು ನೋಡಣ" ಎಂದು ಬೈಕ್ ಹತ್ತಿದಳು.