ಪ್ಯಾಕೆಟ್ ಹಾಲಿನ ದೇಶ

ಪಕ್ಕದ ಮನೆ ಶ್ರೀಲತಾ ಕೇಳಿದ್ದೇ ಕೇಳಿದ್ದು: "ಕೆನಡಾ ಟೇಬಲ್ ಯಾಕ್ರೀ ಸಾಲೆಹಾ? ನೀವು ಮೈಸೂರಿನವರು. ನಮ್ಮ ಇಂಡಿಯಾ ಟೇಬಲ್ಲಿಗೇ ಬಂದ್ಬಿಡಿ. ನಿಮ್ಮ ಬಿರಿಯಾನಿ ಇದ್ರೆ ಬೇರೇನೂ ಬೇಡ."

ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಹನ್ನೆರಡು ವರ್ಷ ಇದ್ದು ಅಲ್ಲಿನ ಪಾಸ್‌ಪೋರ್ಟ್ ತಗೊಂಡರೂ ಕೆನಡಾ ಅಂದರೆ ನನಗೆ ಚಳಿ, ಅಷ್ಟೇ. ನಮ್ಮೆಜಮಾನರು ಖಾಲಿದ್‌ಗೆ ಅಮೆರಿಕದ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿ ಅದರ ಪಕ್ಕದ ಸುವಾನಿಗೆ ಬಂದಾಗ ಉಸ್ಸಪ್ಪಾ ಅಂದಿದ್ದೆ. ಆದರೆ ಮಗಳು ಹಫ್ಸಾ ಹುಟ್ಟಿ ಬೆಳೆದದ್ದೇ ಕೆನಡಾದಲ್ಲಿ. ಇಲ್ಲಿ ಕ್ಲಾಸಿನ ಹುಡುಗ ಕೋಲ್ಟನ್, "ಕೆನಡಾ ಒಂದು ದೇಶಾನಾ? ನಮ್ಮ ಅಮೆರಿಕದ ಮೇಲಿರೋ ಅಟ್ಟ ಅದು" ಅಂದನಂತೆ. ಅವತ್ತೇ ಹಟ ಹಿಡಿದಳು. ದೇಶಕ್ಕೊಂದು ಟೇಬಲ್ ಇಟ್ಟು ತಿಂಡಿ ಹಂಚೋ ಸ್ಕೂಲಿನ ಇಂಟರ್‌ನ್ಯಾಷನಲ್ ನೈಟ್‌ಗೆ ಕೆನಡಾ ಟೇಬಲ್ ಹಾಕೇ ಹಾಕ್ತೀನಿ ಅಂತ. ಯಾರೂ ಬರದೆ ಮಗು ಎಲ್ಲರೆದುರು ನಗೆಪಾಟಲಾದರೆ ಏನು ಗತಿ ಅಂತ ನನಗೆ ಪುಕುಪುಕು.

ಏನಿಡೋದು? ಮೇಪಲ್ ಸಿರಪ್ ಇಲ್ಲೂ ಸಿಗತ್ತೆ. ಹಫ್ಸಾ ನನ್ನ ತಮ್ಮ ಹಸೀಬನಿಗೆ, ಅವಳ ಮಾಮುಗೆ, ಫೋನ್ ಮಾಡಿದಳು. ಆ ಮಹಾನುಭಾವ ಟೊರಾಂಟೊದಿಂದ ಡ್ರೈವ್ ಮಾಡ್ಕೊಂಡು ಬರುವಾಗ ಐಸ್ ಬಾಕ್ಸಿನಲ್ಲಿ ಹಾಲು ತಂದ. ಅಲ್ಲಿ ಹಾಲು ಬರೋದು ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ, ಇಲ್ಲಿಯ ಹಾಗೆ ಕ್ಯಾನಿನಲ್ಲಲ್ಲ. ಅದನ್ನು ಕೂರಿಸೋ ಜಗ್ಗೂ ತಂದಿದ್ದ.

"ಹಾಲು ಇಡ್ತಾರೇನೇ? ತಲೆ ಕೆಟ್ಟಿದೆಯಾ?" ಅಂದೆ ಮಗಳಿಗೆ.

ಆ ಸಂಜೆ ಸ್ಕೂಲಿನ ಜಿಮ್ ತುಂಬ ಜನ. ಮೆಕ್ಸಿಕೊ, ಕೊರಿಯಾ ಟೇಬಲ್ ಮುಂದೆ ಗಿಜಿಗಿಜಿ. ನಾವು ನೊಣ ಹೊಡ್ಕೊಂಡು ಕೂತಿದ್ವಿ. ಕೋಲ್ಟನ್ ಬಂದ, ಪ್ಯಾಕೆಟ್ ಅದುಮಿದ. "ಛೀ, ಚೀಲದಲ್ಲಿ ಹಾಲು! ನಮ್ಮ ಹಾಗೆ ಕ್ಯಾನ್ ಮಾಡೋಕೂ ಬರಲ್ವಾ ನಿಮಗೆ?" ಅಂತ ಇಂಗ್ಲಿಷಿನಲ್ಲಿ ಕೂಗಿದ. ಸುತ್ತಲಿದ್ದವರು ನಕ್ಕರು. ಹಫ್ಸಾ, "ಸಾರಿ, ಒಂದು ಕಪ್ ಕೊಡ್ಲಾ?" ಅಂದಳು. ಅಯ್ಯೋ, ಅಣಕಿಸಿದವನಿಗೂ ಸಾರಿ! ನನಗೆ ಮೈಯೆಲ್ಲ ಉರಿದುಹೋಯ್ತು.

ಅಷ್ಟರಲ್ಲಿ ಶ್ರೀಲತಾ ಗಂಡ ವೇಣುಗೋಪಾಲ ಇಂಡಿಯಾ ಟೇಬಲ್ಲಿನಿಂದಲೇ ಕಿರುಚಿದರು. "ಅರೆ, ಥೇಟ್ ನಮ್ಮ ನಂದಿನಿ ಪ್ಯಾಕೆಟ್ಟು ಕಣ್ರೀ!"

ಶ್ರೀಲತಾ ಓಡಿ ಬಂದರು. "ಹಫ್ಸಾ, ಇದನ್ನ ನಮ್ಮ ಟೇಬಲ್ಲಿಗೆ ಕೊಡು ಪುಟ್ಟಾ. ಮೈಸೂರು ಅಂತ ಬೋರ್ಡ್ ಹಾಕಿ ಕೋಲ್ಡ್ ಕಾಫಿ ಮಾಡೋಣ. ಜನ ಹೇಗೆ ಮುಗಿಬೀಳ್ತಾರೆ ನೋಡು."

ಸದ್ಯ, ಮರ್ಯಾದೆ ಉಳೀತು ಅಂತ ನಾನು ಜಗ್ ಎತ್ತಿಯೇಬಿಟ್ಟೆ. ಹಫ್ಸಾ ಅದನ್ನು ಕಸಿದುಕೊಂಡಳು. ಕಣ್ಣಲ್ಲಿ ನೀರು, ದನಿ ಮಾತ್ರ ಮೆತ್ತಗೆ.

"ಬೇಡ ಆಂಟಿ. ಇದು ಮೈಸೂರು ಅಲ್ಲ. ಇದು ನನ್ನ ಕೆನಡಾ. ಕಾಫಿ ಇಲ್ಲೇ ಮಾಡಿ, ಪ್ಲೀಸ್."

ಶ್ರೀಲತಾ ಕಣ್ಣು ಕಣ್ಣು ಬಿಟ್ಟರು. ಆಮೇಲೆ ನಕ್ಕು, ಡಿಕಾಕ್ಷನ್ ಫ್ಲಾಸ್ಕನ್ನೇ ಹೊತ್ತು ತಂದರು. ಹಫ್ಸಾ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಒಂದು ಹನಿ ಚೆಲ್ಲದೆ ಹುಯ್ದಳು. ಮೊದಲು ಕನ್ನಡದವರು ಬಂದರು, ಅವರನ್ನು ನೋಡಿ ಉಳಿದವರೂ ಸಾಲು ನಿಂತರು.

ಕೋಲ್ಟನ್ನನ ತಾಯಿಯೂ ಬಂದಳು. ನನ್ನ ತಲೆಯ ಹಿಜಾಬ್ ನೋಡಿ, "ನೀವು ನಿಜವಾಗಿ ಎಲ್ಲಿಯವರು?" ಅಂದಳು.

ಇದನ್ನು ಯಾರು ಕೇಳಿದರೂ ಮೈಸೂರು ಅಂತಲೇ ನನ್ನ ಬಾಯಿಗೆ ಬರೋದು. ಹಫ್ಸಾ ಹಾಲು ಹುಯ್ಯೋದು ನಿಲ್ಲಿಸಿ ನನ್ನನ್ನೇ ನೋಡಿದಳು.

"ಕೆನಡಾ," ಅಂದೆ, ಇಡೀ ಜಿಮ್‌ಗೆ ಕೇಳೋ ಹಾಗೆ.